ಹೋದಾಕಿ, ಬಂದಾಕಿ

ಕಮಲಾಪುರ
ಪ್ರಭವ ಸಂವತ್ಸರ, ಶ್ರಾವಣದ ಎರಡನೆಯ ಸೋಮವಾರ

ಮಗಳು ಶಂಕ್ರಮ್ಮನಿಗೆ ಅವ್ವ ಬರೆಯುವುದು.

ಇವತ್ತು ಸೋಮವಾರದ ಉಪವಾಸ. ನಸುಕಿನಲ್ಲಿ ಎದ್ದು ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಬಾವಿಯಿಂದ ಎರಡು ಕೊಡ ನೀರು ತಂದು, ಮಿಂದು ಲಿಂಗಪೂಜೆ ಮುಗಿಸಿದೆ. ನಿಮ್ಮಪ್ಪನಿಗೂ ಅಂಬಮ್ಮನಿಗೂ ರೊಟ್ಟಿ ಬಡಿದಿಟ್ಟು ಈಗ ಕೂತಿದ್ದೇನೆ. ಸಂಜೆ ದೀಪ ಹಚ್ಚುವ ತನಕ ನನಗೆ ನೀರು ಮಾತ್ರ. ಹೊಟ್ಟೆ ಖಾಲಿ ಇದ್ದರೆ ಅಕ್ಷರ ನೆಟ್ಟಗೆ ಬರುತ್ತವೆ ಎಂದು ನನಗೆ ಓದು ಕಲಿಸಿದ ಐನೋರು ಅನ್ನುತ್ತಿದ್ದರು. ಬರುತ್ತಿಲ್ಲ.

ನಿನ್ನ ಕಾಗದವನ್ನು ಕರೀಂಸಾಬ್ ತಂದುಕೊಟ್ಟ. ನಮ್ಮ ಕೆಂಪು ಬಾಳೆಗೊನೆಗಳನ್ನು ಬಂಡಿಯಲ್ಲಿ ಕಲಬುರ್ಗಿಗೆ ಒಯ್ಯುವವನು ಅವನೇ ಅಲ್ಲವೆ, ಪೇಟೆಯಲ್ಲಿ ನಿನ್ನನ್ನು ನೋಡಿ ಮೊದಲು ಗುರುತೇ ಹಿಡಿಯಲಿಲ್ಲವಂತೆ. ನನಗೆ ಹೇಳಿದ: "ಅಕ್ಕೋರ, ಶಂಕ್ರಮ್ಮ ಸೊಲ್ಲಾಪುರದಾಗ ಇಲ್ಲ. ಕಲಬುರ್ಗ್ಯಾಗ ಅದಾಳ. ಒಬ್ಬಾಕೇ ಅದಾಳ." ಆಮೇಲೆ ಎತ್ತಿನ ಕೊರಳ ಗಂಟೆ ಸರಿಮಾಡುತ್ತ, "ಎಡಗೈ ಸೆರಗಿನಾಗ ಮುಚ್ಕೊಂಡಿದ್ಳು" ಅಂದ. ಅದೊಂದು ಮಾತನ್ನು ಅವನು ಹೇಳದೆ ಇದ್ದರೂ ನಡೆಯುತ್ತಿತ್ತು.

ಅಳಿಯ ಎರಡನೆಯವಳನ್ನು ತಂದ ಎಂದು ಬರೆದಿದ್ದೀ. ಯುಗಾದಿಗೆ ಮನೆ ಬಿಟ್ಟೆ ಎಂದು ಬರೆದಿದ್ದೀ. ನಡುವೆ ಏನಾಯಿತು ಎಂದು ಬರೆದಿಲ್ಲ. ನಾನೂ ಕೇಳುವುದಿಲ್ಲ. ಆದರೆ ನಾಲ್ಕು ತಿಂಗಳಾಯಿತು, ಇಲ್ಲಿಗೆ ಬರದೆ ನೇರ ಕಲಬುರ್ಗಿಯಲ್ಲಿ ಯಾಕೆ ಇಳಿದೆ ಎಂದು ಮಾತ್ರ ಮನಸ್ಸು ಕೇಳುತ್ತದೆ. ಅದರ ಉತ್ತರ ನನಗೇ ಗೊತ್ತಿದೆ, ಆದ್ದರಿಂದ ಅದನ್ನೂ ಬರೆಯಬೇಡ.

ಇಲ್ಲಿ ಎಲ್ಲರೂ ನೀನು ಸೊಲ್ಲಾಪುರದಲ್ಲೇ ಇದ್ದೀ ಎಂದು ತಿಳಿದಿದ್ದಾರೆ. ಪಂಚಮಿಗೆ ಊರಿನ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡಿದರು. ಮಾಲಿಪಾಟೀಲರ ಹೆಂಡತಿ ಮಾನಮ್ಮ ನಮ್ಮ ಕಟ್ಟೆಗೆ ಬಂದು ಕೂತಳು. "ಶಂಕ್ರಿ ಈ ಸಲಾನೂ ಬರಲಿಲ್ಲೇನು? ಗಿರಣಿ ಊರಿನ ನೀರು ಅಷ್ಟು ರುಚಿ ಹತ್ಯಾವೇನು?" ಅಂದಳು. ಅತ್ತೆಗೆ ಮೈಯಲ್ಲಿ ಹುಷಾರಿಲ್ಲ, ಬಿಟ್ಟು ಬರಲಾಗಲಿಲ್ಲ ಅಂದೆ. ನಾಗಪ್ಪನಿಗೆ ಹಾಲೆರೆದ ಕೈ ಇನ್ನೂ ಒದ್ದೆ ಇತ್ತು. ಸುಳ್ಳು ಹೇಳಿ ಒಳಗೆ ಹೋಗಿ ಲಿಂಗಕ್ಕೆ ತಪ್ಪಾಯಿತು ಅಂದೆ. ಲಿಂಗ ಏನೂ ಅನ್ನಲಿಲ್ಲ.

ನಿನ್ನ ತಂಗಿ ಅಂಬಮ್ಮನಿಗೆ ಮಹಾಗಾಂವದಿಂದ ಕೇಳುತ್ತಿದ್ದಾರೆ. ಒಳ್ಳೆಯ ಮನೆ, ಎರಡು ಜೋಡಿ ಎತ್ತು, ಹುಡುಗನಿಗೆ ಚಟವಿಲ್ಲ. ದಸರೆ ಆದಮೇಲೆ ನಿಶ್ಚಯಕ್ಕೆ ಬರುತ್ತಾರೆ. ಅಕ್ಕ ಗಂಡನನ್ನು ಬಿಟ್ಟು ಬಂದಿದ್ದಾಳೆ ಎಂದು ಗೊತ್ತಾದರೆ ಅವರ ಬಂಡಿ ಹಳ್ಳ ದಾಟುವುದಿಲ್ಲ. ಅದಕ್ಕೇ ಹೇಳುತ್ತೇನೆ, ಸದ್ಯ ಈ ಕಡೆ ಬರಬೇಡ. ತಾಯಿಯಾಗಿ ಬರೆಯಬಾರದ ಮಾತು ಇದು. ಬರೆದೆ.

ಪಂಚಮಿಯ ಉಂಡಿ ಕಟ್ಟಿ ಕಳಿಸಿದ್ದೇನೆ. ಶೇಂಗಾದವನ್ನು ಮೊದಲು ತಿನ್ನು, ಎಳ್ಳಿನವು ತಡೆಯುತ್ತವೆ.

ನಿಮ್ಮವ್ವ
ಸೂಗಮ್ಮ

•

ಬ್ರಹ್ಮಪುರ, ಕಲಬುರ್ಗಿ
ಶುಕ್ರವಾರ, 19 ಆಗಸ್ಟ್ 1927

ಅವ್ವ,

ಉಂಡಿ ಮುಟ್ಟಿದವು. ಎಳ್ಳಿನವೇ ಮೊದಲು ಮುಗಿದವು.

ನಾನಿರುವುದು ವಿಮಲಾಬಾಯಿ ಎಂಬವರ ಮನೆಯ ಹಿಂದಿನ ಖೋಲಿಯಲ್ಲಿ. ಅವರು ಇಲ್ಲಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಾರೆ, ಗಂಡ ಇಲ್ಲ, ಮಾತು ಜೋರು, ಕೈ ಉದಾರ. ಆ ಸಾಲೆಯಲ್ಲಿ ಕನ್ನಡ ಕಲಿಸಲು ಒಬ್ಬಳು ಬೇಕಾಗಿದ್ದಾಳೆ. ಸೊಲ್ಲಾಪುರದಲ್ಲಿ ಮಕ್ಕಳಿಲ್ಲದ ಹೊತ್ತು ಕಳೆಯಲೆಂದು ಕಲಿತು ಪರೀಕ್ಷೆ ಕಟ್ಟಿದ್ದೆನಲ್ಲ, ಅದು ಈಗ ಉಪಯೋಗಕ್ಕೆ ಬಂತು. ನಾನು ಪಾಠ ಮಾಡಿ ತೋರಿಸಿದೆ. ಅವರಿಗೆ ಒಪ್ಪಿಗೆ. ಕೆಲಸ ನನ್ನದೇ, ಒಂದು ಕಾಗದ ಅಡ್ಡ ಬಂದಿದೆ.

ನಿಜಾಮ ಸರ್ಕಾರದ ನೌಕರಿ ಈ ಮುಲಕದವರಿಗೆ, ಎಂದರೆ ಈ ಸೀಮೆಯಲ್ಲೇ ಹುಟ್ಟಿದ ಮುಲ್ಕಿಗಳಿಗೆ ಮಾತ್ರ; ಸೊಲ್ಲಾಪುರ ಇಂಗ್ರೇಜಿ ಮುಲಕ. ದಫ್ತರದಲ್ಲಿ ಇನಾಯತ್ ಎಂಬ ಗುಮಾಸ್ತರು ಇದ್ದಾರೆ. "ಬಾಯಿ, ಎಲ್ಲಿಂದ ಬಂದೀರಿ?" ಅಂದರು. ಕೇಳಿದ್ದಕ್ಕೆ ಇದ್ದದ್ದು ಹೇಳಿದೆ: "ಸೊಲ್ಲಾಪುರದಿಂದ ಬಂದೀನ್ರೀ." ಅವರು ಅದನ್ನೇ ಬರೆದುಕೊಂಡರು. ಮೇಲಿನವರು ಓದುವ ಇಂಗ್ಲಿಷ್ ವಹಿಯಲ್ಲಿ ನನ್ನ ಹೆಸರಿನ ಮುಂದೆ 'ಇಮಿಗ್ರಂಟ್' ಎಂದು ಬಿತ್ತು. ಅರ್ಜಿ ಅಲ್ಲೇ ನಿಂತಿತು.

ನಾನು ಮರುದಿನ ಹೋಗಿ, ನಾನು ಕಮಲಾಪುರದ ಮಗಳು, ಇದೇ ಜಿಲ್ಲೆಯವಳು, ಹೊರಗಿನಿಂದ ಬಂದವಳಲ್ಲ ಎಂದು ಜಗಳಾಡಿದೆ. ಇನಾಯತರು ಸಿಟ್ಟಾಗಲಿಲ್ಲ. ಲೇಖನಿ ಕಿವಿಯ ಮೇಲಿಟ್ಟು ತಿಳಿಸಿದರು. ಇಂಗ್ಲಿಷರಲ್ಲಿ ಎರಡು ಮಾತಿವೆಯಂತೆ. ಊರು ಬಿಟ್ಟು ಹೋದವನಿಗೆ ಅವನು ಬಿಟ್ಟ ಊರಿನವರು ಹೇಳುವುದು ಎಮಿಗ್ರಂಟ್. ಅದೇ ಮನುಷ್ಯ ಇನ್ನೊಂದು ಊರು ಸೇರಿದರೆ ಆ ಊರಿನವರು ಹೇಳುವುದು ಇಮಿಗ್ರಂಟ್. ಬಹಳ ಮಂದಿ ಗುಮಾಸ್ತರೇ ಒಂದರ ಬದಲು ಒಂದು ಬರೆಯುತ್ತಾರಂತೆ. "ಮನುಷ್ಯ ಒಬ್ಬನೇ, ಬಾಯಿ. ಬಾಗಲದಾಗ ನಿಂತು ಬೆನ್ನು ನೋಡಿದವರದು ಒಂದು ಮಾತು, ಮುಖ ನೋಡಿದವರದು ಇನ್ನೊಂದು. ನಿಮ್ಮ ಬೆನ್ನು ನೋಡಿದವರು ಯಾರರ ಅದಾರೇನು?" ಅಂದರು.

ಅವರು ಮೋಮಿನಪುರದವರು. ಅವರ ಅಜ್ಜ ಮಗ್ಗ ಹೊತ್ತು ಉತ್ತರದ ಕಡೆಯಿಂದ ನಡೆದು ಬಂದವನಂತೆ. "ದಾದಾ ಬಂದು ಅರವತ್ತು ವರ್ಷ ಮ್ಯಾಲಾತು. ಇನ್ನಾ ನಮಗ ಬಂದವರು ಅಂತಾರ. ಅಲ್ಲಿ ಅವರಿಗಿ ಹೋದವರು ಅನ್ನಾಕ ಯಾರೂ ಉಳದಿಲ್ಲ," ಅಂದು ನಕ್ಕರು.

ಬೇಕಾದದ್ದು ಇಷ್ಟು. ಕಮಲಾಪುರದ ಮಾಲಿಪಾಟೀಲರು ಮತ್ತು ಐದು ಮಂದಿ ಪಂಚರು ಸಹಿ ಮಾಡಿ ಒಂದು ಕಾಗದ ಕೊಡಬೇಕು. ಶಂಕ್ರಮ್ಮ ನಮ್ಮ ಊರಿನಲ್ಲಿ ಹುಟ್ಟಿದವಳು, ಮದುವೆಯಾಗಿ ಇಂಗ್ರೇಜಿ ಮುಲಕಕ್ಕೆ ಹೋಗಿದ್ದವಳು, ಈಗ ಗಂಡನ ಮನೆ ಬಿಟ್ಟು ತಿರುಗಿ ಬಂದಿದ್ದಾಳೆ, ಆ ಮನೆಗೂ ಅವಳಿಗೂ ಸಂಬಂಧ ಉಳಿದಿಲ್ಲ, ಎಂದು. ಕೊನೆಯ ಮಾತು ಬಹಳ ಮುಖ್ಯ. ಹೆಂಗಸು ಗಂಡನ ಮುಲಕದವಳು ಎಂಬುದು ಇಲ್ಲಿಯ ಲೆಕ್ಕ. ದೀಪಾವಳಿಯ ತನಕ ಜಾಗ ಖಾಲಿ ಇಟ್ಟಿರುತ್ತಾರೆ.

ನೀನು ಬರಬೇಡ ಅಂದದ್ದಕ್ಕೆ ನನಗೆ ಬೇಸರವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಂಬಿಯ ವಿಷಯ ನನಗೂ ತಿಳಿಯುತ್ತದೆ ಎಂದು ಬರೆದರೆ ಖರೆ ಆಗುತ್ತದೆ. ಎರಡನ್ನೂ ಬರೆದಿದ್ದೇನೆ.

ನಿನ್ನ
ಶಂಕ್ರಿ

•

ಕಮಲಾಪುರ
ಭಾದ್ರಪದ, ಗಣಪತಿ ಹಬ್ಬದ ನಂತರದ ಸೋಮವಾರ

ಶಂಕ್ರಮ್ಮ,

ಕಾಗದ ಮಾಡಿಸಿ ಇದರೊಳಗೆ ಮಡಿಚಿ ಇಟ್ಟಿದ್ದೇನೆ. ಸಹಿಗಳು ಅಳಿಸದಂತೆ ತೆಗೆ.

ಮೊದಲು ನಿಮ್ಮಪ್ಪನಿಗೆ ಹೇಳಿದೆ. ತೋಟದಿಂದ ಬಂದು ಕಾಲು ತೊಳೆಯುತ್ತಿದ್ದರು. ನೀನು ಕಲಬುರ್ಗಿಯಲ್ಲಿದ್ದೀ ಎಂಬುದನ್ನು ಅವರಿಗೆ ಅದುವರೆಗೂ ಹೇಳಿರಲಿಲ್ಲ. ಆದರೆ ಕೇಳಿ ಬೆಚ್ಚಲಿಲ್ಲ. ಕರೀಂಸಾಬನ ಮುಖ ನೋಡಿಯೇ ತಿಳಿದುಕೊಂಡಿದ್ದರೋ ಏನೋ. ತಂಬಿಗೆ ಕೆಳಗಿಟ್ಟು, "ಕೊಟ್ಟ ಹೆಣ್ಣು ಕುಲಕ್ಕ ಹೊರಗ" ಅಂದರು.

"ಹೊರಗಿದ್ದಾಕಿ ಒಳಗ ಬರ್ತೀನಿ ಅಂದ್ರ?" ಅಂದೆ.

"ಒಳಗ ಇನ್ನೊಬ್ಬಾಕಿ ಅದಾಳ, ಹೊರಗ ಹೋಗಾಕಿ. ಮೊದಲ ಆಕಿನ್ನ ಕಳಸು."

ಅವರ ಮಾತಿನಲ್ಲೂ ತಪ್ಪಿಲ್ಲ. ಅಂಬಮ್ಮ ಒಲೆಯ ಹತ್ತಿರ ಕೂತು ಎಲ್ಲಾ ಕೇಳಿಸಿಕೊಂಡಳು. ಆ ಹುಡುಗಿಗೆ ಹದಿಮೂರು ತುಂಬಿದೆ, ಕಿವಿ ಮಾತ್ರ ಮೂವತ್ತರದು.

ನಾಲ್ಕು ದಿನ ವಿಚಾರ ಮಾಡಿದೆ. ಕೊನೆಗೆ ನನಗೆ ಒಂದು ದಾರಿ ಹೊಳೆಯಿತು. ಮಾನಮ್ಮನ ಕೈಯಲ್ಲಿ ಪಾಟೀಲರಿಗೆ ಹೇಳಿ ಕಳಿಸಿದೆ, ನಮ್ಮ ಶಂಕ್ರಮ್ಮ ಇಲ್ಲಿ ಹುಟ್ಟಿದವಳು ಎಂದು ಒಂದು ದಾಖಲೆ ಬೇಕಾಗಿದೆ, ಸೊಲ್ಲಾಪುರದಲ್ಲಿ ಯಾವುದೋ ಕೆಲಸಕ್ಕೆ ಎಂದು. ಪಾಟೀಲ ಮಲ್ಲಣ್ಣನವರು ಖುಷಿಯಿಂದಲೇ ಬರೆಸಿಕೊಟ್ಟರು. ಐದೂ ಜನ ಸಹಿ ಹಾಕಿದರು, ಎಂದೂ ಯಾರಿಗೂ ಒಂದು ಸೊಪ್ಪಿನ ಸಿವುಡು ಕೊಡದ ದೇವೀಂದ್ರಪ್ಪ ಕೂಡ ಹಾಕಿದ. ಓದಿ ನೋಡು, ಎಷ್ಟು ಮರ್ಯಾದೆಯಿಂದ ಬರೆದಿದ್ದಾರೆ: 'ಈ ಊರಿನ ದೌಲಪ್ಪನ ಹಿರಿಯ ಮಗಳು ಶಂಕ್ರಮ್ಮ ಇಲ್ಲಿಯೇ ಹುಟ್ಟಿ ಬೆಳೆದವಳು. ಹನ್ನೆರಡು ವರ್ಷದ ಹಿಂದೆ ಊರ ಹಿರಿಯರ ಸಮಕ್ಷಮ ಸೊಲ್ಲಾಪುರಕ್ಕೆ ಕೊಟ್ಟಿದ್ದು, ಅಲ್ಲಿ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ.'

ನೀನು ಕೇಳಿದ್ದರಲ್ಲಿ ಕೊನೆಯ ಮಾತು ಒಂದು ಬಿಟ್ಟು ಉಳಿದದ್ದೆಲ್ಲ ಇದೆ. ಹುಟ್ಟಿದ ಊರು ಇದೆ, ಅಪ್ಪನ ಹೆಸರು ಇದೆ, ಪಾಟೀಲರ ಮುದ್ರೆ ಇದೆ. ಒಂದು ಮಾತಿಗೆ ಯಾರು ಅಡ್ಡ ಬರುತ್ತಾರೆ? ಆ ಗುಮಾಸ್ತರು ಒಳ್ಳೆಯವರಂತೆ ಕಾಣುತ್ತಾರೆ, ನಮ್ಮ ಮನೆಯ ಕಷ್ಟ ತಿಳಿಸಿ ಹೇಳು.

ಈ ಸೋಮವಾರವೂ ಉಪವಾಸ ಹಿಡಿದಿದ್ದೇನೆ, ಶ್ರಾವಣ ಮುಗಿದರೂ. ಹರಕೆ ಯಾವುದಕ್ಕೆ ಎಂದು ದೇವರಿಗೆ ಗೊತ್ತು.

ನಿಮ್ಮವ್ವ
ಸೂಗಮ್ಮ

•

ಕಲಬುರ್ಗಿ
ಶನಿವಾರ, 17 ಸೆಪ್ಟೆಂಬರ್ 1927

ಅವ್ವ,

ನೀನು ಕಳಿಸಿದ ಕಾಗದ ಒಯ್ದು ತೋರಿಸಿದೆ. ಇನಾಯತರು ಎರಡು ಸಲ ಓದಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಬಾಯಿ, ಶಂಕ್ರಮ್ಮ ಸೊಲ್ಲಾಪುರದಾಗ ಗಂಡನ ಮನ್ಯಾಗ ಸುಖದಿಂದ ಅದಾಳ ಅಂತ ಐದು ಮಂದಿ ಬರದಾರ. ಹಂಗಾದ್ರ ನನ್ನ ಮುಂದ ಕುಂತಾಕಿ ಯಾರು?"

ಕಾಗದ ಮಡಿಚಿಕೊಂಡು ಎದ್ದು ಬಂದೆ.

ಅವ್ವ, ಈ ಕಾಗದ ನನ್ನ ಪರವಾಗಿಲ್ಲ. ನಾನು ಹೋದವಳು ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ತಿರುಗಿ ಬಂದೆ ಎಂಬುದಕ್ಕೆ ಒಂದಕ್ಷರವೂ ಇಲ್ಲ. ಇಲ್ಲಿಯವರು ನನ್ನನ್ನು ಸೊಲ್ಲಾಪುರದಿಂದ ಬಂದವಳು ಅನ್ನುತ್ತಾರೆ, ನೀವು ಸೊಲ್ಲಾಪುರಕ್ಕೆ ಹೋದವಳು ಅನ್ನುತ್ತೀರಿ. ಎರಡೂ ಕಡೆಯವರು ಸೇರಿ ನನ್ನನ್ನು ಅಲ್ಲಿಯೇ ಕೂಡಿಸಿಬಿಟ್ಟಿರಿ. ನಾನು ಕಾಲಿಡಲಾಗದ ಮನೆ ಯಾವುದೋ, ಅದೊಂದೇ ಮನೆ ನನ್ನದು ಎಂದು ಎಲ್ಲರ ಕಾಗದದಲ್ಲಿದೆ.

ನಾನು ನಿನ್ನ ಮೇಲೆ ಸಿಟ್ಟಾಗಿಲ್ಲ. ವಿಮಲಾಬಾಯಿಯವರು ಆಗಿದ್ದಾರೆ. "ನಿಮ್ಮವ್ವ ಅಕ್ಷರ ಬಲ್ಲಾಕಿ ಇದ್ದೂ ಹಿಂಗ ಮಾಡಿದ್ಳಲ್ಲ" ಅಂದರು. ಅವರಿಗೆ ಹೆಣ್ಣುಮಕ್ಕಳಿಲ್ಲ, ಎರಡನೆಯ ಮಗಳಂತೂ ಇಲ್ಲ ಎಂದು ನಾನು ಹೇಳಿದೆ.

ಆಗದಿದ್ದರೆ ಆಗದು ಎಂದು ಬರೆ. ಇಲ್ಲಿ ಒಬ್ಬ ವಕೀಲರ ಮನೆಯಲ್ಲಿ ಅಡುಗೆಗೆ ಕೇಳುತ್ತಿದ್ದಾರೆ. ಅದಕ್ಕೆ ಕಾಗದ ಬೇಕಿಲ್ಲ.

ಶಂಕ್ರಿ

•

ಕಮಲಾಪುರ
ಸೀಗಿ ಹುಣ್ಣಿಮೆ, ಸೋಮವಾರ

ಶಂಕ್ರಮ್ಮ,

ಇದರ ಜೊತೆ ಇರುವುದು ಹೊಸ ಕಾಗದ. ಇದರಲ್ಲಿ ಕೊನೆಯ ಮಾತು ಇದೆ. ಹೇಗೆ ಬಂತು ಎಂದು ಬರೆಯುತ್ತೇನೆ, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳು.

ಅಡುಗೆಯ ಕೆಲಸ ಎಂದು ನೀನು ಬರೆದದ್ದನ್ನು ಓದಿ ಎರಡು ವಾರ ಸುಮ್ಮನಿದ್ದೆ. ಅಡುಗೆ ಕೀಳು ಕೆಲಸವಲ್ಲ, ನಾನು ಐವತ್ತು ವರ್ಷದಲ್ಲಿ ಬೇರೆ ಮಾಡಿದ್ದೇನು? ಆದರೆ ಕಾಗದ ಬೇಕಿಲ್ಲ ಅಂದೆಯಲ್ಲ, ಅದು ಚುಚ್ಚಿತು. ಮೊನ್ನೆ ಶುಕ್ರವಾರ, ದಸರೆ ಮುಗಿದ ಮರುದಿನ, ಚಾವಡಿಯಲ್ಲಿ ಪಂಚರು ಸೇರಿದ್ದರು. ಮಹಾಗಾಂವದವರು ಎರಡು ದಿನ ಬಿಟ್ಟು ಬರುವವರಿದ್ದರು. ನಿಶ್ಚಯವಾದ ಮೇಲೆ ಹೋಗೋಣ ಎಂದು ಮನಸ್ಸು ಹೇಳಿತು. ಆದರೆ ಅವರಿಗೆ ವೀಳ್ಯ ಕೊಟ್ಟು ಮರುದಿನ ಈ ಮಾತು ಹೊರಗೆ ಹಾಕಿದರೆ ಅದು ಮೋಸ. ಒಂದು ಸುಳ್ಳಿಗೆ ಐದು ಜನರ ಸಹಿ ಹಾಕಿಸಿದ್ದೆ, ಸಾಕಾಗಿತ್ತು. ವಿಭೂತಿ ಹಚ್ಚಿ, ಸೆರಗು ಹೊದ್ದು ಹೋದೆ.

ಹೆಂಗಸರು ಚಾವಡಿ ಹತ್ತುವುದಿಲ್ಲ, ಕೆಳಗೆ ಬೇವಿನ ಗಿಡದ ಹತ್ತಿರ ನಿಂತೆ. ನಿಮ್ಮಪ್ಪ ಮೇಲೆ ಕೂತಿದ್ದವರು ನನ್ನನ್ನು ನೋಡಿ ಬೇರೆ ಕಡೆ ನೋಡಿದರು. ಪಾಟೀಲರು, "ಏನ್ ಸೂಗಮ್ಮ, ದೌಲಪ್ಪ ಮನಿ ದಾರಿ ಮರೀತಾನಂತ ಕರಕೊಂಡು ಹೋಗಾಕ ಬಂದಿ ಏನು?" ಅಂದರು. ಎಲ್ಲರೂ ನಕ್ಕರು.

"ಇಲ್ರೀ. ಹೋದ ತಿಂಗಳು ನಾ ನಿಮ್ಮ ಕಡಿಂದ ಸುಳ್ಳು ಬರಿಸೀನಿ. ಅದನ್ನ ಹೇಳಾಕ ಬಂದೀನಿ. ಶಂಕ್ರಮ್ಮ ಸೊಲ್ಲಾಪುರದಾಗ ಇಲ್ಲ. ಗಂಡನ್ನ ಬಿಟ್ಟಾಳ. ಯುಗಾದಿಯಿಂದ ಕಲಬುರ್ಗ್ಯಾಗ ಅದಾಳ."

ನಗು ನಿಂತಿತು. ದೇವೀಂದ್ರಪ್ಪ ಮೊದಲು ಎದ್ದ. "ನಮ್ಮ ಸಹಿ ಅಂದ್ರ ನಿನಗ ಬಾಳಿ ಎಲಿ ಏನು, ಉಂಡು ಒಗ್ಯಾಕ?" ಅಂದ.

"ತಪ್ಪಾತು. ದಂಡ ಹಾಕ್ರಿ, ಕಟ್ತೀನಿ. ಆದ್ರ ಈಗ ಖರೇ ಇದ್ದದ್ದು ಬರದು ಕೊಡ್ರಿ. ಆಕಿ ನಮ್ಮ ಊರಾಕಿ, ಹೋಗಿದ್ಳು, ತಿರಗಿ ಬಂದಾಳ ಅಂತ."

"ಆಕಿ ಎಲ್ಲಿ ತಿರಗಿ ಬಂದಾಳ? ಈ ಊರಾಗ ಆಕಿ ಮುಖ ಯಾರು ನೋಡ್ಯಾರ?"

"ಬರಬ್ಯಾಡ ಅಂತ ನಾನ ಬರದಿದ್ದೆ."

ಅದನ್ನು ಹೇಳುವಾಗ ಮಾತ್ರ ನನ್ನ ಧ್ವನಿ ಸ್ವಲ್ಪ ಇಳಿಯಿತು. ದೇವೀಂದ್ರಪ್ಪ ಅದನ್ನೇ ಹಿಡಿದ. "ನೋಡ್ರಿ ಪಾಟೀಲರ, ಈಕಿ ಇಂಡಿ ಕಡಿಯಾಕಿ. ಈಕಿನ ಇಂಗ್ರೇಜಿ ಮುಲಕದಿಂದ ಬಂದಾಕಿ. ಯಾರು ಈ ಊರವರು, ಯಾರು ಅಲ್ಲ ಅಂತ ಬಂದಾಕಿ ಬಂದು ನಮಗ ಹೇಳಾಕತ್ಯಾಳ!"

ಮಗಳೇ, ನಾನು ಈ ಊರಿಗೆ ಬರುವಾಗ ನನಗೂ ಅಂಬಮ್ಮನಷ್ಟೇ ವಯಸ್ಸು. ಮೂವತ್ತೇಳು ವರ್ಷ ಇಲ್ಲಿಯ ನೀರು ಹೊತ್ತಿದ್ದೇನೆ. ಈಗಲೂ ಬಾವಿಯ ಹತ್ತಿರ 'ಇಂಡಿಯಾಕಿ' ಅನ್ನುತ್ತಾರೆ. ತವರಿಗೆ ಹೋದರೆ ಅಲ್ಲಿ 'ಕಮಲಾಪುರದಾಕಿ' ಬಂದಳು ಅನ್ನುತ್ತಾರೆ. ನೀನು ಬರೆದ ಆ ಎರಡು ಇಂಗ್ಲಿಷ್ ಮಾತು ನನಗೆ ಹೊಸದೆನಿಸಿರಲಿಲ್ಲ. ಅವುಗಳ ಹೆಸರು ಮಾತ್ರ ಗೊತ್ತಿರಲಿಲ್ಲ.

ನಾನು ಕೇಳಿದೆ: "ದೇವೀಂದ್ರಪ್ಪನೋರ, ಇವತ್ತು ನಿಮಗ ರೊಟ್ಟಿ ಬಡದಾಕಿ ಯಾವೂರಾಕಿ?"

"ಆಕಿ ಸುದ್ದಿ ಯಾಕ? ಹುಮನಾಬಾದದಾಕಿ."

"ನಿಮ್ಮನ್ನ ಹಡದಾಕಿ?"

"ಆಳಂದದಾಕಿ. ಅದಕ್ಕೇನೀಗ?"

"ಈ ಊರಾಗ ಬಂದಾಕಿ ಅಲ್ಲದ ಸೊಸಿ ಒಬ್ಬಾಕಿ ಇದ್ರ ಕರೀರಿ. ಹೋದಾಕಿ ಅಲ್ಲದ ಮಗಳು ಒಬ್ಬಾಕಿ ಇದ್ರ ಕರೀರಿ. ತರುವಾಗ ಯಾರಿಗೂ ಕಾಗದ ಕೇಳಲಿಲ್ಲ. ಕಳಿಸುವಾಗ ಯಾರಿಗೂ ಕಾಗದ ಕೊಡಲಿಲ್ಲ. ಕೊಟ್ಟಾಕಿ ತಿರಗಿ ಬರ್ತೀನಿ ಅಂದಾಗ ಅಷ್ಟ ಕಾಗದ ಬೇಕು. ಆ ಕಾಗದನೂ ನಿಮ್ಮ ಕೈಯಾಗ. ಕೊಡ್ರಿ."

ಪಾಟೀಲರು ಎಲೆಯಡಿಕೆ ಉಗುಳಿ ಬಂದು ಮೆಲ್ಲಗೆ ಕೇಳಿದರು: "ಯಾಕ ಬಿಟ್ಳು, ಸೂಗಮ್ಮ?"

"ನಾ ಕೇಳಿಲ್ರೀ."

"ತಾಯಿ ಆಗಿ ಕೇಳಿಲ್ಲ?"

"ಕೇಳಿದ್ರ ಹೇಳ್ತಾಳ. ಹೇಳಿದ್ರ ನಾ ಕೇಳಬೇಕಾಗ್ತದ. ಅದಕ್ಕ ಕೇಳಿಲ್ಲ."

ಪಾಟೀಲರಿಗೆ ಮೂರು ಜನ ಹೆಣ್ಣುಮಕ್ಕಳು, ಮೂವರನ್ನೂ ದೂರ ಕೊಟ್ಟಿದ್ದಾರೆ. ಊರಿನ ಲೆಕ್ಕ ಬರೆಯುವ ಪಟವಾರಿಗೆ "ಬರೀ" ಅಂದರು. ಅಷ್ಟು ಹೊತ್ತಿಗೆ ನಿಮ್ಮಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ತೋಟದ ಕಡೆ ಹೋದರು. ದೇವೀಂದ್ರಪ್ಪ ಸಹಿ ಹಾಕಲಿಲ್ಲ. ನಾಲ್ಕೇ ಆದವು. ಐದನೆಯದಕ್ಕೆ ಯಾರು ಎಂದು ಒಬ್ಬರ ಮುಖ ಒಬ್ಬರು ನೋಡುವಾಗ, ಎತ್ತಿಗೆ ನೀರು ಕುಡಿಸುತ್ತಿದ್ದ ಕರೀಂಸಾಬ್ ಬಂದು, "ಆಕಿನ್ನ ಕಲಬುರ್ಗ್ಯಾಗ ಕಣ್ಣಿಲೆ ಕಂಡಾವ ನಾನೊಬ್ಬನ ಅಲ್ಲೇನ್ರೀ. ನಂದು ಹೆಬ್ಬಟ್ಟು ನಡೀತದೇನು?" ಅಂದ. ನಡೆಯಿತು. ಮೂಲೆಯಲ್ಲಿ ಇರುವ ದೊಡ್ಡ ಕಪ್ಪು ಗುರುತು ಅವನದು.

ಇವತ್ತು ಹುಣ್ಣಿಮೆ, ಹೊಲಕ್ಕೆ ಎಡೆ ಒಯ್ಯಬೇಕು. ಮಹಾಗಾಂವದವರು ನಿನ್ನೆ ಬರಬೇಕಿತ್ತು. ಬಂದಿಲ್ಲ.

ನಿಮ್ಮವ್ವ
ಸೂಗಮ್ಮ

•

ಕಮಲಾಪುರ
ಕಾರ್ತಿಕದ ಮೊದಲ ಸೋಮವಾರ

ಶಂಕ್ರಮ್ಮ,

ಕೆಲಸ ಆಯಿತು, ಹಬ್ಬ ಮುಗಿದ ಮೇಲೆ ಸೇರಿಕೋ ಅಂದರು ಎಂದು ನೀನು ಬರೆದ ಎರಡು ಸಾಲು ಮುಟ್ಟಿದವು. ಎರಡೇ ಸಾಲು ಯಾಕೆ ಎಂದು ಕೇಳುವುದಿಲ್ಲ. ದೊಡ್ಡ ಕಾಗದ ಬರೆಯುವ ಸರದಿ ನನ್ನದೇ ಇತ್ತು.

ಮಹಾಗಾಂವದವರು ಒಬ್ಬ ಆಳಿನ ಕೈಯಲ್ಲಿ ಹೇಳಿ ಕಳಿಸಿದರು, ಹುಡುಗನಿಗೆ ಈ ವರ್ಷ ಗುರುಬಲವಿಲ್ಲ ಎಂದು. ಹೋದ ತಿಂಗಳು ಇತ್ತು. ನಾನು ಆ ಆಳಿಗೆ ಮಜ್ಜಿಗೆ ಕೊಟ್ಟು ಕಳಿಸಿದೆ. ಬಾವಿಯ ಹತ್ತಿರ ಇಬ್ಬರು ಮಾತು ಬಿಟ್ಟಿದ್ದಾರೆ, ಮಾನಮ್ಮ ಬಿಟ್ಟಿಲ್ಲ. ಅವಳು ಮಾತು ಬಿಟ್ಟಿದ್ದರೆ ಒಳ್ಳೆಯದಿತ್ತು, ದಿನಾ ಬಂದು ಸಮಾಧಾನ ಹೇಳುತ್ತಾಳೆ.

ನಿಮ್ಮಪ್ಪ ನನ್ನ ಕೂಡ ಮಾತು ಬಿಟ್ಟು ಮೂರು ವಾರದ ಮೇಲಾಯಿತು. ಹಾಕಿದ್ದು ಉಣ್ಣುತ್ತಾರೆ, ತಾಟು ತಾವೇ ಎತ್ತಿಡುತ್ತಾರೆ. ನಾನು ಮಾಡಿದ್ದು ಸರಿ ಎಂದು ನನಗೆ ಗೊತ್ತು. ಆದರೂ ಅವರ ಎದುರು ಕೂತು ಉಣ್ಣಲಾಗುತ್ತಿಲ್ಲ, ಆದ್ದರಿಂದ ಉಪವಾಸಗಳು ಹೆಚ್ಚಾಗಿವೆ. ದೇವರ ಲೆಕ್ಕಕ್ಕೆ ಅವು ಸೇರುತ್ತವೋ ಇಲ್ಲವೋ.

ಅಂಬಮ್ಮನ ವಿಷಯ ಬರೆಯಬೇಕು. ಸಂಬಂಧ ತಪ್ಪಿದ ಸುದ್ದಿ ಬಂದ ದಿನ ಅವಳು ಅಳುತ್ತಾಳೆ ಎಂದು ನಾನು ಹತ್ತಿರ ಕೂತೆ. ಅವಳು ಹಿಟ್ಟು ನಾದುತ್ತಿದ್ದಳು. "ಯವ್ವ, ಅಕ್ಕನ ಮದಿವಿಗೂ ಗುರುಬಲ ನೋಡಿದ್ರಲ್ಲ, ಆಗ ಭಾಳ ಛೊಲೋ ಇತ್ತಂತಲ್ಲ?" ಅಂದಳು. ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಎರಡು ದಿನ ಬಿಟ್ಟು ಕೇಳಿದಳು: "ಅಕ್ಕ ಕಲಿಸೋ ಸಾಲ್ಯಾಗ ನನ್ನಷ್ಟು ದೊಡ್ಡಾಕಿನ್ನ ಕೂಡಿಸ್ಕೋತಾರೇನು? ಇಲ್ಲಾಂದ್ರ ಕಸಾ ಹೊಡೀತೀನಿ, ಕಿಟಕ್ಯಾಗ ನಿಂತು ಕೇಳ್ತೀನಿ."

ನಿನ್ನೆ ರೊಟ್ಟಿ ಬಡಿಯುತ್ತ, ನಿಮ್ಮಪ್ಪನಿಗೆ ಕೇಳಿಸುವಂತೆ, ಕರೀಂಸಾಬನ ಬಂಡಿಯಲ್ಲಿ ಈ ಸಲ ಅವನ ಹೆಂಡತಿ ಮಸ್ತಾನಬಿಯೂ ಕಲಬುರ್ಗಿಗೆ ಹೋಗುತ್ತಾಳಂತೆ, ಹುಡುಗಿಗೆ ಜೊತೆ ಆಗುತ್ತಾಳೆ ಅಂದೆ. ಬಹಳ ಹೊತ್ತು ಉಂಡರು. ಕೈ ತೊಳೆದು ಹೊರಗೆ ಹೋಗುವಾಗ, ಗೋಡೆಗೆ ಹೇಳಿದಂತೆ, "ಬಂಡಿಗಿ ಹುಲ್ಲು ಜಾಸ್ತಿ ಹಾಕ್ಸು, ದಾರಿ ಭಾಳ ಕುಲಕ್ತದ" ಅಂದರು. ಮೂರು ವಾರದಲ್ಲಿ ಅದೇ ಮೊದಲ ಮಾತು.

ನಿನ್ನ ಖೋಲಿ ಎಷ್ಟು ದೊಡ್ಡದು ಎಂದು ನನಗೆ ಗೊತ್ತಿಲ್ಲ. ವಿಮಲಾಬಾಯಿಯವರು ಇನ್ನೊಬ್ಬಳನ್ನು ಇರಗೊಡುತ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ಅವರು ನನ್ನ ಮೇಲೆ ಸಿಟ್ಟಾದದ್ದು ಸರಿ ಇತ್ತು ಎಂದು ಹೇಳು. ಹುಡುಗಿ ರೊಟ್ಟಿ ತೆಳ್ಳಗೆ ಬಡಿಯುತ್ತಾಳೆ, ನಿದ್ದೆಯಲ್ಲಿ ಒದೆಯುತ್ತಾಳೆ. ಅಕ್ಷರ ನಾನು ಬೂದಿಯಲ್ಲಿ ತಿದ್ದಿಸಿದಷ್ಟು ಬರುತ್ತವೆ. ಗಂಡು ನೋಡುವುದು ನಿಂತಿತು ಎಂದಲ್ಲ. ಇನ್ನು ಮೇಲೆ ಯಾರು ಕೇಳಿಕೊಂಡು ಬಂದರೂ ಮೊದಲು ಅವಳ ಅಕ್ಕನ ವಿಷಯ ಹೇಳಿ, ಆಮೇಲೆ ಚಾಪೆ ಹಾಸುತ್ತೇನೆ.

ಇನ್ನೊಂದು. ಆ ದಿನ ಚಾವಡಿಯಲ್ಲಿ ಪಾಟೀಲರು ಕೇಳಿದ್ದನ್ನು ಈಗ ನಾನು ಕೇಳುತ್ತಿದ್ದೇನೆ. ಯಾಕೆ ಬಿಟ್ಟೆ? ಕರೀಂಸಾಬ್ ನೋಡಿದಾಗ ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಆ ಎಡಗೈಗೆ ಏನಾಗಿತ್ತು? ಬರೆಯಬೇಕೆನಿಸಿದರೆ ಬರೆ, ಅಂಬಮ್ಮನಿಗೆ ಹೇಳಿದರೂ ನಡೆಯುತ್ತದೆ. ಈಗ ಕೇಳಬಲ್ಲೆ.

ಈ ಕಾಗದಕ್ಕೆ ನಿನ್ನ ಉತ್ತರ ತರಲು ಅಂಬಮ್ಮನನ್ನೇ ಕಳಿಸುತ್ತಿದ್ದೇನೆ. ಬಂಡಿ ಗುರುವಾರ ಕಲಬುರ್ಗಿ ಬಿಡುತ್ತದೆ, ಅಷ್ಟರೊಳಗೆ ಬರೆದು ಅವಳ ಕೈಗೆ ಕೊಡು. ಉತ್ತರ ತೆಗೆದುಕೊಂಡು ಅವಳು ಶುಕ್ರವಾರ ಅಂಗಳದಲ್ಲಿ ಇಳಿಯದಿದ್ದರೆ, ನೀನು ಅವಳನ್ನು ಇರಿಸಿಕೊಂಡೆ, ಅದೇ ಉತ್ತರ ಎಂದು ತಿಳಿಯುತ್ತೇನೆ.

ನಿಮ್ಮಿಬ್ಬರ ಅವ್ವ
ಸೂಗಮ್ಮ